ಗೇಟಿನಲ್ಲಿ ತೆರೆಯುವ ಡಿಕ್ಕಿ, ಮನೆಯವರೆಗಿನ ದಾರಿ

(ನಮ್ಮ ಸಂಘದ ಮಹಿಳಾ ವೇದಿಕೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ದುಡಿಯುವ ಜಾಗದಲ್ಲಿ ಹೆಣ್ಣುಮಕ್ಕಳ ಸುರಕ್ಷತೆ ಕುರಿತು ಹದಿನೈದು ನಿಮಿಷ ಮಾತಾಡಬೇಕು ಎಂದು ಕಾರ್ಯದರ್ಶಿ ಅಕ್ಕ ಹೇಳಿದರು. ಕಿರುಕುಳ ತಡೆ ಕಾಯ್ದೆ, ದೂರು ಸಮಿತಿ ಇವುಗಳ ಬಗ್ಗೆ ಈ ವೇದಿಕೆಯಲ್ಲಿ ಬಲ್ಲವರು ಹಿಂದೆಯೇ ಮಾತಾಡಿದ್ದಾರೆ. ನಾನು ಇವತ್ತು ಆಫೀಸಿನ ಬಾಗಿಲಿಗಿಂತ ಮೊದಲು ಬರುವ ಗೇಟಿನ ಬಗ್ಗೆ ಮಾತಾಡುತ್ತೇನೆ. ಅಲ್ಲಿ ನಮ್ಮ ಗಾಡಿ ನಿಲ್ಲುತ್ತದೆ. ಸೆಕ್ಯೂರಿಟಿಯವರು "ಮೇಡಂ, ಡಿಕ್ಕಿ ಓಪನ್ ಚೇಯಂಡಿ" ಅನ್ನುತ್ತಾರೆ. ನಾವು ತೆಗೆಯುತ್ತೇವೆ, ಅವರು ಇಣುಕುತ್ತಾರೆ, ಕೋಲಿಗೆ ಕಟ್ಟಿದ ಕನ್ನಡಿಯನ್ನು ಗಾಡಿಯ ಕೆಳಗೆ ಆಡಿಸುತ್ತಾರೆ, ನಾವು ಒಳಗೆ ಹೋಗುತ್ತೇವೆ. ವರ್ಷಕ್ಕೆ ಇನ್ನೂರು ಸಲ ನಡೆಯುವ ಈ ಕೆಲಸಕ್ಕೆ ಒಂದು ಹಿನ್ನೆಲೆ ಇದೆ. ಅದರಲ್ಲಿ ನಮಗೆ, ಅದರಲ್ಲೂ ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ, ಬೇಕಾದ ಒಂದು ವಿಷಯವೂ ಇದೆ.

ನಾನು ವಕೀಲೆಯಲ್ಲ. ಎಂ.ಟೆಕ್ ಮುಗಿಸಿ ಹತ್ತು ವರ್ಷದಿಂದ ಇಲ್ಲಿ ಹೈಟೆಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವಳು. ವರ್ಷಕ್ಕೊಮ್ಮೆ ನಮಗೆ ಆನ್‌ಲೈನ್ ತರಬೇತಿ ಬರುತ್ತದೆ. ಕೊನೆಯಲ್ಲಿ "ಓದಿದ್ದೇನೆ, ಒಪ್ಪಿದ್ದೇನೆ" ಎಂಬ ಬಟನ್ ಒತ್ತಬೇಕು. ಐಟಿಯಲ್ಲಿರುವ ತಂಗಿಯರೆಲ್ಲ ನಗುತ್ತಿದ್ದೀರಿ, ಯಾಕೆ ಅಂತ ಗೊತ್ತು. ಅದನ್ನು ಪೂರ್ತಿ ಓದುವವರು ಕಡಿಮೆ. ಅದರಲ್ಲಿ ಆಯುಧಗಳ ಬಗ್ಗೆ ಒಂದು ಪಾಲಿಸಿ ಇರುತ್ತದೆ. ಕಂಪನಿಯ ಆವರಣಕ್ಕೆ ಆಯುಧ ತರಬಾರದು. ಆವರಣ ಎಂದರೆ ಕಟ್ಟಡದ ಜೊತೆ ಪಾರ್ಕಿಂಗ್ ಜಾಗವೂ ಸೇರಿತು. ಅಲ್ಲಿ ನಿಂತ ನಿಮ್ಮ ಸ್ವಂತ ಗಾಡಿಯನ್ನೂ ಕಂಪನಿ ತಪಾಸಣೆ ಮಾಡಬಹುದು. ಒಪ್ಪದಿದ್ದರೆ ಶಿಸ್ತು ಕ್ರಮ. ಕಂಪನಿಯಿಂದ ಕಂಪನಿಗೆ ಮಾತು ಬದಲಾದರೂ ಸಾರ ಹೆಚ್ಚು ಕಡಿಮೆ ಇದೇ.

ನಮ್ಮಲ್ಲಿ ಹಲವರು ಕೆಲಸ ಮಾಡುವ ಕಂಪನಿಗಳ ಮುಖ್ಯ ಕಚೇರಿ ಅಮೆರಿಕದಲ್ಲಿದೆ. ಈ ನಿಯಮವೂ ಅಲ್ಲಿಂದಲೇ ಬಂದದ್ದು. ಹಾಗಾಗಿ ಮೊದಲು ಅಲ್ಲಿಯ ಕಥೆ ಹೇಳುತ್ತೇನೆ.

1986ರ ಆಗಸ್ಟ್‌ನಲ್ಲಿ ಓಕ್ಲಹೋಮ ರಾಜ್ಯದ ಎಡ್ಮಂಡ್ ಎಂಬ ಊರಿನ ಅಂಚೆ ಕಚೇರಿಯಲ್ಲಿ ಅಲ್ಲಿಯ ನೌಕರನೊಬ್ಬ ತನ್ನ ಜೊತೆಗೆ ದುಡಿಯುತ್ತಿದ್ದ 14 ಮಂದಿಯನ್ನು ಗುಂಡಿಟ್ಟು ಕೊಂದು, ತಾನೂ ಗುಂಡು ಹಾರಿಸಿಕೊಂಡ. ಆಮೇಲೂ ಆ ದೇಶದ ಕಾರ್ಖಾನೆ, ಕಚೇರಿಗಳಲ್ಲಿ ಇಂಥ ಘಟನೆಗಳು ನಡೆಯುತ್ತಲೇ ಬಂದವು. ಬಂದೂಕು ಕಟ್ಟಡದ ಒಳಗಿಲ್ಲದಿದ್ದರೆ ಸಾಲದು, ಸಿಟ್ಟಾದವನು ಎರಡು ನಿಮಿಷದಲ್ಲಿ ಕಾರಿನಿಂದ ತರಬಹುದಲ್ಲ ಎಂದು ಕಂಪನಿಗಳು ಯೋಚಿಸಿದವು. ಹಾಗೆ ನಿಯಮ ಪಾರ್ಕಿಂಗ್ ಜಾಗಕ್ಕೂ ಬಂತು. ಆ ಭಯ ಸುಳ್ಳಲ್ಲ.

ಈಗ ಅದೇ ಓಕ್ಲಹೋಮದ ಇನ್ನೊಂದು ಊರಿಗೆ ಬನ್ನಿ. ವ್ಯಾಲಿಯಂಟ್ ಎಂಬ ಸಣ್ಣ ಊರು. ಅಲ್ಲಿ ವೇಯರ್‌ಹೌಸರ್ ಎಂಬ ದೊಡ್ಡ ಕಂಪನಿಯ ಕಾಗದದ ಕಾರ್ಖಾನೆ. ಸುತ್ತ ಕಾಡು, ಬೇಟೆಯಾಡುವ ಜನ. ಹಳ್ಳಿಗಳಿಂದ ತುಂಬಾ ದೂರ ಗಾಡಿ ಓಡಿಸಿಕೊಂಡು ಕೆಲಸಕ್ಕೆ ಬರುವವರು. ಬೇಟೆಯ ಕಾಲದಲ್ಲಿ ಗಾಡಿಯಲ್ಲಿ ಬಂದೂಕು ಇರುವುದು ಅವರಿಗೆ, ನಮ್ಮ ರೈತರ ಗಾಡಿಯಲ್ಲಿ ಕುಡುಗೋಲು ಇದ್ದ ಹಾಗೆ. 2002ರ ಅಕ್ಟೋಬರ್ 1ರಂದು ಕಂಪನಿ ವಾಸನೆ ಹಿಡಿಯುವ ನಾಯಿಗಳನ್ನು ತರಿಸಿ ಪಾರ್ಕಿಂಗ್ ಜಾಗದಲ್ಲಿ ತಪಾಸಣೆ ನಡೆಸಿತು. ಕೆಲವರ ಗಾಡಿಗಳಲ್ಲಿ ಬಂದೂಕು ಸಿಕ್ಕವು. ಕಂಪನಿಯ ನೌಕರರು, ಗುತ್ತಿಗೆಯವರು ಸೇರಿ ಸುಮಾರು ಒಂದು ಡಜನ್ ಜನ ಕೆಲಸ ಕಳೆದುಕೊಂಡರು. ಯಾರೂ ಯಾರನ್ನೂ ಹೆದರಿಸಿರಲಿಲ್ಲ. ಬಂದೂಕು ಬೀಗ ಹಾಕಿದ ಗಾಡಿಯೊಳಗೇ ಇತ್ತು.

ನೌಕರರು ಕೋರ್ಟಿಗೆ ಹೋದರು. ಅಮೆರಿಕದ ಸಂವಿಧಾನದಲ್ಲಿ ಅಕಾರಣ ಶೋಧನೆಯಿಂದ ರಕ್ಷಣೆ ಕೊಡುವ ನಾಲ್ಕನೆಯ ತಿದ್ದುಪಡಿ ಎಂಬುದಿದೆ, ಅದು ಇಂಥಲ್ಲಿ ಕಾಪಾಡುತ್ತದೆ ಎಂದು ಅನೇಕರು ನಂಬಿರುತ್ತಾರೆ. ಆದರೆ ಆ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಪೊಲೀಸರನ್ನು. ಖಾಸಗಿ ಕಂಪನಿಗೆ ಅದು ಅನ್ವಯಿಸುವುದಿಲ್ಲ. ಕಂಪನಿಯ ಶಕ್ತಿ ಬರುವುದು ನೌಕರ ಸಹಿ ಹಾಕಿದ ಕಾಗದದಿಂದ. ತಪಾಸಣೆ ಬೇಡ ಎಂದರೆ ಜೈಲಿಲ್ಲ, ಕೆಲಸ ಇರುವುದಿಲ್ಲ, ಅಷ್ಟೆ. 2006ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟಿತು.

ಆದರೆ ಊರಿನ ಸಿಟ್ಟು ಅಷ್ಟಕ್ಕೆ ತಣ್ಣಗಾಗಿರಲಿಲ್ಲ. ಕೋರ್ಟಿನ ತೀರ್ಪಿಗೂ ಮೊದಲೇ, 2004ರಲ್ಲಿ, ಓಕ್ಲಹೋಮದ ಶಾಸನಸಭೆ ಹೊಸ ಕಾನೂನು ಮಾಡಿತ್ತು. ಬೀಗ ಹಾಕಿದ ಗಾಡಿಯಲ್ಲಿ ಕಾನೂನುಬದ್ಧವಾಗಿ ಇಟ್ಟ ಬಂದೂಕನ್ನು ಜಾಗದ ಮಾಲೀಕರು ನಿಷೇಧಿಸುವ ಹಾಗಿಲ್ಲ ಎಂದು. ಈ ಸಲ ಕಂಪನಿಗಳು ಕೋರ್ಟಿಗೆ ಹೋದವು. ಕೆಲಸದ ಜಾಗವನ್ನು ಅಪಾಯವಿಲ್ಲದಂತೆ ಇಡುವುದು 1970ರ ಕೇಂದ್ರ ಕಾನೂನಿನ ಪ್ರಕಾರ ನಮ್ಮ ಕರ್ತವ್ಯ, ಈ ರಾಜ್ಯದ ಕಾನೂನು ಅದಕ್ಕೆ ಅಡ್ಡ ಬರುತ್ತದೆ ಎಂಬುದು ಅವರ ವಾದ. 2007ರಲ್ಲಿ ಕೆಳ ನ್ಯಾಯಾಲಯ ಹೌದು ಅಂದಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿ ರಾಜ್ಯದ ಕಾನೂನನ್ನು ಉಳಿಸಿತು. 2008ರಲ್ಲಿ ಫ್ಲೋರಿಡಾ ಇನ್ನೂ ಮುಂದೆ ಹೋಗಿತ್ತು. ಪರವಾನಗಿ ಇರುವ ನೌಕರನಿಗೆ "ಗಾಡಿಯಲ್ಲಿ ಬಂದೂಕು ಇದೆಯಾ" ಎಂದು ಕೇಳುವುದನ್ನೂ, ಅದಕ್ಕಾಗಿ ಗಾಡಿ ಶೋಧಿಸುವುದನ್ನೂ ಅಲ್ಲಿಯ ಕಾನೂನು ತಡೆಯಿತು. ಇವತ್ತು ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ರೀತಿಯ ಇಂಥ ಕಾನೂನು ಇದೆ.

ಬಂದೂಕು ಇರಬೇಕು, ಮನೆಗೊಂದು ಇರಬೇಕು ಎಂಬ ವಾದ ನನ್ನದಲ್ಲ. ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅದು ಹಾಗೇ ಇರಲಿ. ಆದರೆ ಆ ಜಗಳವನ್ನು ಓದುವಾಗ ಬಂದೂಕನ್ನು ಸ್ವಲ್ಪ ಪಕ್ಕಕ್ಕಿಟ್ಟು ನೋಡಿ. ಕೆಳಗೆ ಇರುವ ಪ್ರಶ್ನೆ ಬೇರೆ. ಆಫೀಸು ಎಲ್ಲಿ ಮುಗಿಯುತ್ತದೆ, ನನ್ನ ಸ್ವಂತದ್ದು ಎಲ್ಲಿ ಶುರುವಾಗುತ್ತದೆ? ಕಂಪನಿ ಹೇಳುವುದು ಗೇಟಿನ ಒಳಗಿನ ಎಂಟು ಗಂಟೆಯ ಬಗ್ಗೆ. ನೌಕರ ಹೇಳುವುದು ಮನೆಯಿಂದ ಗೇಟಿನವರೆಗೆ, ಗೇಟಿನಿಂದ ಮನೆಯವರೆಗೆ ಇರುವ ದಾರಿಯ ಬಗ್ಗೆ. ಗಾಡಿ ಎಂಬುದು ಎರಡರ ಮಧ್ಯೆ ನಿಂತಿದೆ. ನಿಂತಿರುವ ನೆಲ ಕಂಪನಿಯದು, ಒಳಗಿರುವುದು ನನ್ನದು. ಗೇಟಿನಲ್ಲಿ ತೆಗೆದುಕೊಂಡ ವಸ್ತು ದಾರಿಯಲ್ಲೂ ಇರುವುದಿಲ್ಲ. ಇದೇ ತೊಡಕು.

ಇದೇ ತೊಡಕಿನ ಇನ್ನೊಂದು ಮೊಕದ್ದಮೆ ಹೇಳುತ್ತೇನೆ, ಇದರಲ್ಲಿ ಇರುವುದು ಒಬ್ಬ ಹೆಣ್ಣುಮಗಳು. ಟೆಕ್ಸಾಸ್‌ನ ಒಂದು ಕೆಮಾರ್ಟ್ ಅಂಗಡಿ. ಅಲ್ಲಿ ಕೆಲಸಕ್ಕಿದ್ದ ಈಕೆ ತನ್ನ ಪರ್ಸನ್ನು ಅಂಗಡಿ ಕೊಟ್ಟ ಲಾಕರ್‌ನಲ್ಲಿ ಇಟ್ಟು, ಸ್ವಂತ ಬೀಗ ಹಾಕಿ ಹೋಗಿದ್ದಳು. ಬಂದು ನೋಡಿದರೆ ಬೀಗ ತೆರೆದು ನೇತಾಡುತ್ತಿತ್ತು, ಪರ್ಸಿನಲ್ಲಿದ್ದದ್ದೆಲ್ಲ ಅಸ್ತವ್ಯಸ್ತ. ಯಾರೋ ಒಬ್ಬ ನೌಕರ ಗಡಿಯಾರ ಕದ್ದಿರಬಹುದು ಎಂಬ ಅನುಮಾನದಿಂದ ಅಂಗಡಿಯವರು ಲಾಕರ್‌ಗಳನ್ನು ಹುಡುಕಿದ್ದರು. 1984ರಲ್ಲಿ ಮೇಲ್ಮನವಿ ನ್ಯಾಯಾಲಯ ಒಂದು ಮುಖ್ಯವಾದ ಮಾತು ಹೇಳಿತು. ಲಾಕರ್ ಅಂಗಡಿಯದಾದರೂ, ಸ್ವಂತ ಬೀಗ ಹಾಕಿಕೊಳ್ಳಲು ಅಂಗಡಿ ಬಿಟ್ಟಿದ್ದರಿಂದ, ಒಳಗಿರುವುದು ತನ್ನದೇ ಗುಟ್ಟು ಎಂದು ಆಕೆ ನಂಬಲು ಕಾರಣವಿತ್ತು. ತೀರ್ಪುಗಾರರಿಗೆ ಕೊಟ್ಟ ಸೂಚನೆಯಲ್ಲಿ ದೋಷವಿದ್ದುದರಿಂದ ಆ ಮೊಕದ್ದಮೆ ಮತ್ತೆ ವಿಚಾರಣೆಗೆ ಹೋಯಿತು. ಆದರೂ ಈ ಮಾತು ಉಳಿಯಿತು. ಕಂಪನಿಯ ವಕೀಲರು ಇದರಿಂದ ಕಲಿತ ಪಾಠ ಏನು ಗೊತ್ತೇ? ತಪಾಸಣೆ ನಿಲ್ಲಿಸುವುದಲ್ಲ, ಮೊದಲೇ ಬರೆದು ಸಹಿ ಮಾಡಿಸಿಕೊಳ್ಳುವುದು. ನಮ್ಮ "ಓದಿದ್ದೇನೆ, ಒಪ್ಪಿದ್ದೇನೆ" ಬಟನ್ ಮಾಡುವ ಕೆಲಸವೂ ಅದೇ.

ಇನ್ನು ನಮ್ಮ ಊರಿಗೆ ಬರೋಣ. ನಮ್ಮಲ್ಲಿ ಡಿಕ್ಕಿ ತೆಗೆಸುವ ರೂಢಿ ಹಬ್ಬಿದ್ದು ಬಂದೂಕಿನ ನೌಕರನ ಭಯದಿಂದಲ್ಲ. 2008ರ ನವೆಂಬರ್ 26ರ ಮುಂಬೈ ದಾಳಿಯ ನಂತರ ಹೋಟೆಲು, ಮಾಲು, ಐಟಿ ಪಾರ್ಕು ಎಲ್ಲ ಕಡೆ ಕನ್ನಡಿ, ಲೋಹ ಪತ್ತೆ ಯಂತ್ರ ಬಂದವು. ಬಾಂಬಿನ ಭಯದಿಂದ ಬಂದ ತಪಾಸಣೆ, ಅಮೆರಿಕದಿಂದ ಬಂದ ಆಯುಧ ಪಾಲಿಸಿ, ಇವೆರಡೂ ಒಂದೇ ಗೇಟಿನಲ್ಲಿ ಸೇರಿಕೊಂಡವು. ಗೇಟಿನಲ್ಲಿ ನಿಂತ ಸೆಕ್ಯೂರಿಟಿಗೆ ಒಂದು ಪಟ್ಟಿ ಕೊಟ್ಟಿರುತ್ತಾರೆ. ಪಟ್ಟಿಯಲ್ಲಿ ಬಂದೂಕು, ಚಾಕು ಇರುತ್ತವೆ. ಕೆಲವು ಕಡೆ ಪೆಪ್ಪರ್ ಸ್ಪ್ರೇ ಕೂಡ ಇರುತ್ತದೆ. ನಮ್ಮಲ್ಲಿ ಯಾರ ಡಿಕ್ಕಿಯಲ್ಲೂ ಬಂದೂಕು ಸಿಗುವುದಿಲ್ಲ. ಸಿಗುವುದು ಪೆಪ್ಪರ್ ಸ್ಪ್ರೇ. ಅದನ್ನು ಇಟ್ಟುಕೊಂಡಿರುವವರು ಯಾರು? ನಾವು. ಬರೆದವರ ಮನಸ್ಸಿನಲ್ಲಿ ಇರಲಿ ಬಿಡಲಿ, ಆ ನಿಯಮ ಇಲ್ಲಿ ಬಂದು ಬೀಳುವುದು ಹೆಣ್ಣುಮಕ್ಕಳ ಬ್ಯಾಗಿನ ಮೇಲೆ.

ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲು ನಮ್ಮ ದೇಶದಲ್ಲಿ ಪರವಾನಗಿ ಬೇಕಿಲ್ಲ. 2019ರ ನವೆಂಬರ್‌ನಲ್ಲಿ ನಮ್ಮದೇ ಶಂಶಾಬಾದ್ ಟೋಲ್ ಹತ್ತಿರ ಆ ಪಶುವೈದ್ಯೆಗೆ ಆದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಸ್ಕೂಟಿ ನಿಲ್ಲಿಸಿ ಹೋಗಿ, ತಿರುಗಿ ಅದರ ಹತ್ತಿರ ಬಂದ ಹುಡುಗಿ. ಆ ನಂತರದ ವಾರಗಳಲ್ಲಿ ಹೈದರಾಬಾದ್ ಮೆಟ್ರೋ ಹೆಂಗಸರು ಪೆಪ್ಪರ್ ಸ್ಪ್ರೇ ತರಬಹುದು ಎಂದು ಘೋಷಿಸಿತು. ಬೆಂಗಳೂರಿನ ನಮ್ಮ ಮೆಟ್ರೋ ಕೂಡ ಅದಕ್ಕೆ ಅವಕಾಶ ಕೊಟ್ಟಿತು. ಯೋಚಿಸಿ ನೋಡಿ. ಸಾವಿರಾರು ಜನ ಒತ್ತಿಕೊಂಡು ನಿಲ್ಲುವ ರೈಲಿನೊಳಗೆ ತರಬಹುದಾದ ವಸ್ತುವನ್ನು ನನ್ನ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಇಟ್ಟುಕೊಂಡು ಪಾರ್ಕಿಂಗ್‌ಗೆ ಬರಬಾರದು ಎಂದರೆ ಹೇಗೆ?

ಹಾಗೆಂದು ಅದು ಆಟಿಕೆಯಲ್ಲ. 2024ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ಬೆಂಗಳೂರಿನ ಒಂದು ಜಾಗದ ಜಗಳದಲ್ಲಿ ಸೆಕ್ಯೂರಿಟಿಯವರ ಮೇಲೆ ಪೆಪ್ಪರ್ ಸ್ಪ್ರೇ ಹೊಡೆದ ಆರೋಪ. ಆತ್ಮರಕ್ಷಣೆಗೆ ಹೊಡೆದದ್ದು ಎಂಬ ವಾದವನ್ನು ಕೋರ್ಟು ಆ ಹಂತದಲ್ಲಿ ಒಪ್ಪಲಿಲ್ಲ, ಪ್ರಾಣಕ್ಕೆ ಅಪಾಯ ಇರಲಿಲ್ಲವಲ್ಲ ಎಂದು ಕೇಳಿತು. ಅಮೆರಿಕದ ಒಂದು ತೀರ್ಪನ್ನು ಉಲ್ಲೇಖಿಸಿ, ಇದು ಅಪಾಯಕಾರಿ ಆಯುಧವಾಗಬಲ್ಲದು ಎಂಬ ನಿಲುವು ತೆಗೆದುಕೊಂಡು, ತನಿಖೆ ನಡೆಯಲಿ ಎಂದಿತು. ಇಟ್ಟುಕೊಳ್ಳುವುದು ಬೇರೆ, ಬಳಸುವುದು ಬೇರೆ. ಇಲ್ಲಿರುವ ತಂಗಿಯರು ಇದನ್ನು ಮನಸ್ಸಿನಲ್ಲಿಡಿ. ಪ್ರಾಣಕ್ಕೋ ಮಾನಕ್ಕೋ ಅಪಾಯ ಬಂದಾಗ ಮಾತ್ರ ಅದು ರಕ್ಷಣೆ. ಜಗಳದಲ್ಲಿ ಹೊಡೆದರೆ ಕೇಸು.

ನಮ್ಮ ಆಫೀಸಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಧ್ಯಾಹ್ನದ ಪಾಳಿಗೆ ಬರುವ ನನ್ನ ಸಹೋದ್ಯೋಗಿಯೊಬ್ಬಳ ಸ್ಕೂಟಿ ಡಿಕ್ಕಿಯಲ್ಲಿದ್ದ ಪೆಪ್ಪರ್ ಸ್ಪ್ರೇಯನ್ನು ಗೇಟಿನಲ್ಲಿ ತೆಗೆದುಕೊಂಡರು. "ಹೋಗುವಾಗ ತಗೊಳ್ಳಿ ಮೇಡಂ" ಅಂದರು. ಪಾಳಿ ಮುಗಿದದ್ದು ರಾತ್ರಿ ಹನ್ನೊಂದೂವರೆಗೆ. ಅಷ್ಟರಲ್ಲಿ ಗೇಟಿನವರು ಬದಲಾಗಿದ್ದರು. ವಸ್ತು ಅಡ್ಮಿನ್ ಕೋಣೆಯಲ್ಲಿತ್ತು, ಕೋಣೆಗೆ ಬೀಗ, ಬೀಗದ ಕೈ ಇರುವವರು ಬರುವುದು ಬೆಳಿಗ್ಗೆ ಒಂಬತ್ತಕ್ಕೆ. ಅವಳು ಹಾಗೇ ಮನೆಗೆ ಹೊರಟಳು. ಅವತ್ತು ಏನೂ ಆಗಲಿಲ್ಲ. ಆದರೆ ಮಾರನೆಯ ದಿನ ಊಟದ ಹೊತ್ತಿಗೆ ಅವಳು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ: "ಹಗಲಲ್ಲಿ ಬರುವಾಗ ನನ್ನ ಹತ್ತಿರ ಇತ್ತು ಅಕ್ಕ, ರಾತ್ರಿ ಹೋಗುವಾಗ ಇರಲಿಲ್ಲ. ಯಾವಾಗ ಬೇಕಿತ್ತು ನನಗೆ?"

ನಾವು ನಾಲ್ಕು ಜನ ಸೇರಿ ಅಡ್ಮಿನ್‌ಗೂ ಎಚ್‌ಆರ್‌ಗೂ ಮೇಲ್ ಬರೆದೆವು. ಇದು ಜಾಗತಿಕ ಪಾಲಿಸಿ, ಇಲ್ಲಿಂದ ಬದಲಾಯಿಸಲಾಗದು ಎಂಬ ಉತ್ತರ ಬಂತು. ಪಾಲಿಸಿ ಬದಲಾಯಿಸಿ ಎಂದು ನಾವು ಕೇಳಿಯೇ ಇಲ್ಲ, ಒಳಗೆ ತರಬಾರದು ಎಂದಷ್ಟೇ ಅದರಲ್ಲಿದೆ, ಗೇಟಿನ ಹೊರಗೆ ಜೋಪಾನವಾಗಿ ಇಟ್ಟು ಹೋಗುವಾಗ ಕೊಡಬಾರದು ಎಂದು ಎಲ್ಲಿದೆ, ಎಂದು ಮತ್ತೆ ಬರೆದೆವು. ಮೂರು ವಾರ ಹಿಡಿಯಿತು. ಈಗ ಗೇಟಿನಲ್ಲಿ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಹಾಗೆ ಒಂದು ಗೂಡುಗಳ ಕಪಾಟು ಇದೆ. ಇಟ್ಟರೆ ಟೋಕನ್, ಟೋಕನ್ ಕೊಟ್ಟರೆ ವಸ್ತು, ಇಪ್ಪತ್ನಾಲ್ಕು ಗಂಟೆ. ಖರ್ಚು ಒಂದು ಕಪಾಟಿನದು. ಇದನ್ನು ದೊಡ್ಡ ಗೆಲುವು ಎಂದು ಹೇಳುತ್ತಿಲ್ಲ. ಓದಿ ಕೇಳಿದರೆ ದಾರಿ ಇರುತ್ತದೆ ಎಂದು ಹೇಳುತ್ತಿದ್ದೇನೆ.

ದಾರಿಯ ಹೊಣೆ ಯಾರದು ಎಂಬ ಪ್ರಶ್ನೆ ನಮ್ಮ ಕರ್ನಾಟಕದಲ್ಲಿ ಒಮ್ಮೆ ಬಹಳ ನೋವಿನಿಂದ ಎದ್ದಿತ್ತು. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ರಾತ್ರಿ ಪಾಳಿಗೆಂದು ಕ್ಯಾಬ್ ಹತ್ತಿದ ಕಾಲ್ ಸೆಂಟರ್ ಉದ್ಯೋಗಿಯೊಬ್ಬಳನ್ನು ಚಾಲಕನೇ ಕೊಂದ. ರಾತ್ರಿ ದುಡಿಯುವ ಹೆಣ್ಣುಮಕ್ಕಳಿಗೆ ಸಾರಿಗೆ, ರಕ್ಷಣೆ ಕೊಡುವ ಹೊಣೆ ಪಾಲಿಸಲಿಲ್ಲ ಎಂದು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಂಪನಿಯ ಮುಖ್ಯಸ್ಥರ ಮೇಲೆ ಮೊಕದ್ದಮೆ ಹೂಡಲಾಯಿತು. ಅದನ್ನು ರದ್ದು ಮಾಡಿ ಎಂದು ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2008ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಲು ಒಪ್ಪಲಿಲ್ಲ. ಅಂದರೆ ಗೇಟಿನ ಹೊರಗಿನ ದಾರಿ ನಮಗೆ ಸಂಬಂಧವಿಲ್ಲ ಎಂದು ಕಂಪನಿ ಸುಲಭವಾಗಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ನಾನು ಹೇಳಬೇಕೆಂದು ಬಂದ ಮಾತೂ ಇದೇ. ನನ್ನ ಗಾಡಿಯಲ್ಲಿ, ನನ್ನ ಬ್ಯಾಗಿನಲ್ಲಿ ಏನಿರಬೇಕು ಎಂದು ಯಾರು ತೀರ್ಮಾನಿಸುತ್ತಾರೋ, ನಾನು ಮನೆ ಸೇರುವ ದಾರಿಯಲ್ಲೂ ಅವರ ಪಾಲು ಇರಬೇಕು. ಬರೀ ತೆಗೆದುಕೊಂಡರೆ ಅದು ಅರ್ಧ ಸುರಕ್ಷತೆ.

ಇನ್ನೊಂದು ಮಾತು ಹೇಳದೆ ಹೋದರೆ ನನಗೆ ಸಮಾಧಾನವಿಲ್ಲ. ಗೇಟಿನಲ್ಲಿ ಎಲ್ಲರನ್ನೂ ಒಂದೇ ರೀತಿ ನೋಡುತ್ತಾರೆಯೇ? ದೊಡ್ಡ ಕಾರು, ಹಿಂದಿನ ಸೀಟಿನಲ್ಲಿ ಸಾಹೇಬರು, ಗೇಟು ತಾನಾಗಿ ಮೇಲೇಳುತ್ತದೆ, ಸಲಾಮು ಬೀಳುತ್ತದೆ. ಅದೇ ಗೇಟಿನ ಪಕ್ಕದ ಸಣ್ಣ ಬಾಗಿಲಲ್ಲಿ ಸಂಜೆ ಹೌಸ್‌ಕೀಪಿಂಗ್ ಹೆಂಗಸರು ಸಾಲಾಗಿ ನಿಂತಿರುತ್ತಾರೆ. ಅವರ ಚೀಲ ಪೂರ್ತಿ ಸುರಿಸಿ ನೋಡುತ್ತಾರೆ, ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸುತ್ತಾರೆ, ಎಲ್ಲರ ಎದುರು. ಆ ಸಾಲಿನಲ್ಲಿ ನಮ್ಮ ರಾಯಚೂರು, ಕಲಬುರಗಿ ಕಡೆಯಿಂದ ದುಡಿಯಲು ಬಂದ ತಾಯಂದಿರೂ ಇದ್ದಾರೆ, ಅವರೊಂದಿಗೆ ಕನ್ನಡದಲ್ಲಿ ಮಾತಾಡಿದ್ದೇನೆ. "ರೂಢಿ ಆಗ್ಯಾದವ್ವಾ" ಅಂತಾರೆ. ಆಯುಧ ಹುಡುಕುವ ತಪಾಸಣೆ ಒಳಗೆ ಬರುವಾಗ ನಡೆಯಬೇಕು, ಎಲ್ಲರಿಗೂ ನಡೆಯಬೇಕು. ಹೊರಗೆ ಹೋಗುವಾಗ ಬಡವರಿಗೆ ಮಾತ್ರ ನಡೆದರೆ ಅದಕ್ಕೆ ಬೇರೆ ಹೆಸರಿದೆ. ನಮ್ಮ ಬ್ಯಾಗಿನ ಬಗ್ಗೆ ದನಿ ಎತ್ತುವಾಗ ಅವರ ಚೀಲವನ್ನೂ ಸೇರಿಸಿಕೊಳ್ಳೋಣ.

ಕೊನೆಗೆ, ನಾಳೆಯೇ ಮಾಡಬಹುದಾದ ಕೆಲವು ಕೆಲಸ ಹೇಳಿ ಮುಗಿಸುತ್ತೇನೆ.

ಮೊದಲನೆಯದು, ನಿಮ್ಮ ಆಫೀಸಿನ ಪಾಲಿಸಿಯನ್ನು ತೆಗೆದು ಓದಿ. ಆಯುಧ ಎಂದರೆ ಏನೇನು, ಆವರಣ ಎಂದರೆ ಎಲ್ಲಿಯವರೆಗೆ, ಸ್ವಂತ ಗಾಡಿಯ ಬಗ್ಗೆ ಏನಿದೆ, ಕಂಪನಿಯ ಕ್ಯಾಬಿನಲ್ಲಿ ಕೂತಾಗಲೂ ಅದು ಅನ್ವಯಿಸುತ್ತದೆಯೇ, ಈ ನಾಲ್ಕು ನೋಡಿ. ಸ್ಪಷ್ಟವಾಗಿಲ್ಲದಿದ್ದರೆ ಮೇಲ್ ಮಾಡಿ ಕೇಳಿ, ಉತ್ತರ ಬರವಣಿಗೆಯಲ್ಲೇ ಇರಲಿ.

ಎರಡನೆಯದು, ಖಾಸಗಿ ಸೆಕ್ಯೂರಿಟಿಯವರಿಗೆ ಪೊಲೀಸರ ಅಧಿಕಾರ ಇಲ್ಲ. ಅವರು ನೋಡುವುದು ನಿಮ್ಮ ಒಪ್ಪಿಗೆಯ ಮೇಲೆ. ಒಪ್ಪದಿದ್ದರೆ ಒಳಗೆ ಬಿಡದಿರಬಹುದು, ಕಂಪನಿ ಕಾರಣ ಕೇಳಬಹುದು. ಆದರೆ ಬಲವಂತವಾಗಿ ಮೈ ಮುಟ್ಟುವ ಹಾಗಿಲ್ಲ. ಪೊಲೀಸರೇ ಆದರೂ ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ ಮರ್ಯಾದೆಯಿಂದ ಮಾಡಬೇಕು ಎಂದು ನಮ್ಮ ಕಾನೂನಿನಲ್ಲಿದೆ. ಗೇಟಿನಲ್ಲೂ ಅದನ್ನೇ ಕೇಳಿ. ರಾತ್ರಿ ಪಾಳಿಯಲ್ಲೂ ಮಹಿಳಾ ಸೆಕ್ಯೂರಿಟಿ ಇರಲಿ, ಬ್ಯಾಗು ನೋಡಲು ಪರದೆ ಇರಲಿ.

ಮೂರನೆಯದು, ಗಾಡಿ ನೋಡುವಾಗ ನೀವು ಪಕ್ಕದಲ್ಲೇ ನಿಲ್ಲಿ. ಕೀ ಅವರ ಕೈಗೆ ಕೊಟ್ಟು ಹೋಗಬೇಡಿ. ಏನಾದರೂ ತೆಗೆದುಕೊಂಡರೆ ಚೀಟಿಯೋ ಟೋಕನ್ನೋ ಕೇಳಿ, ರಾತ್ರಿ ಎಷ್ಟು ಹೊತ್ತಿಗಾದರೂ ಅದು ಸಿಗುತ್ತದೆಯೇ ಎಂದು ಆಗಲೇ ಕೇಳಿಕೊಳ್ಳಿ.

ನಾಲ್ಕನೆಯದು, ಗೇಟಿನಲ್ಲಿ ನಿಂತವರ ಮೇಲೆ ರೇಗಬೇಡಿ. ಹನ್ನೆರಡು ಗಂಟೆ ನಿಂತು ದುಡಿಯುವವರು ಅವರು. ಪಟ್ಟಿ ಬರೆದವರು ಅವರಲ್ಲ. ಮಾತಾಡಬೇಕಾದದ್ದು ಪಟ್ಟಿ ಬರೆದವರ ಜೊತೆ, ಒಬ್ಬರೇ ಹೋಗದೆ ನಾಲ್ಕು ಜನ ಸೇರಿ.

2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಹೇಳಿತು. ಆ ಹಕ್ಕನ್ನು ಮುಖ್ಯವಾಗಿ ಕೇಳಬಹುದಾದದ್ದು ಸರ್ಕಾರದ ಎದುರು. ಕಂಪನಿಯ ಎದುರು ನಮಗಿರುವುದು ನಾವು ಒಪ್ಪುವ ಕಾಗದ, ಮತ್ತೆ ನಾವು ಕೇಳುವ ಪ್ರಶ್ನೆ. ಕಾಗದಕ್ಕೆ ಒಪ್ಪಿಗೆ ಕೊಡುವುದನ್ನು ಎಲ್ಲರೂ ಮಾಡುತ್ತಿದ್ದೇವೆ. ಇನ್ನು ಮೇಲೆ ಪ್ರಶ್ನೆಯನ್ನೂ ಕೇಳೋಣ. ಸಭೆ ಮುಗಿದ ಮೇಲೆ ಯಾರಿಗಾದರೂ ತಮ್ಮ ಆಫೀಸಿನ ಪಾಲಿಸಿ ಓದಿ ಅರ್ಥ ಮಾಡಿಕೊಳ್ಳಬೇಕಿದ್ದರೆ, ಊಟದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಕೂತು ಓದೋಣ. ನಮ್ಮಲ್ಲೇ ಇಬ್ಬರು ವಕೀಲ ಅಕ್ಕಂದಿರಿದ್ದಾರೆ, ಅವರೂ ಜೊತೆಗಿರುತ್ತೇವೆ ಎಂದಿದ್ದಾರೆ.